ಸದ್ದನ್ನು ದುಡಿಸಿದ ಕೊಳವೆ

ತುಂಬಿದ ಕೊಡ ತುಳುಕುವುದಿಲ್ಲವೆಂಬುದು ನಮ್ಮ ಹಿರಿಯರ ಅನುಭವದ ಮಾತು. ಬೊಗಳುವ ನಾಯಿ ಕಚ್ಚುವುದಿಲ್ಲವೆಂದವರೂ ಅವರೇ. ಮನುಷ್ಯರನ್ನು ಅಳೆಯುವಾಗ ಈ ಮಾತುಗಳನ್ನು ನಾವು ಧಾರಾಳವಾಗಿ ಬಳಸುತ್ತೇವೆ. ಸಭೆಯಲ್ಲಿ ಗಂಟಲು ಹರಿಯುವಂತೆ ಕೂಗುವವನಿಗಿಂತ ಮೆಲ್ಲಗೆ ಎರಡು ಮಾತಾಡಿ ಕುಳಿತುಕೊಳ್ಳುವವನಲ್ಲಿ ಹುರುಳು ಹೆಚ್ಚೆಂದು ಒಪ್ಪುತ್ತೇವೆ. ಆದರೆ ಮೋಟಾರ್ ಸೈಕಲ್ಲಿನ ಮಾತು ಬಂದಿತೆಂದರೆ ಈ ವಿವೇಕವೆಲ್ಲ ಎಲ್ಲಿ ಅಡಗುವುದೋ ತಿಳಿಯದು. ಬೀದಿಯ ಕಿಟಕಿಗಳೆಲ್ಲ ನಡುಗುವಂತೆ ಆರ್ಭಟಿಸಿಕೊಂಡು ಹೋದ ವಾಹನವನ್ನು ಕಂಡು ಹುಡುಗರು, ‘ಎಂಥ ಪವರ್!’ ಎಂದು ಬೆರಗಾಗುವರು. ಹಿರಿಯರು ಶಪಿಸುವರು, ಆದರೆ ಅವರ ಶಾಪದಲ್ಲಿಯೂ ಒಂದು ಒಪ್ಪಿಗೆ ಅಡಗಿರುತ್ತದೆ. ಶಕ್ತಿ ಹೆಚ್ಚಿದ್ದರೆ ಸದ್ದು ಹೆಚ್ಚಾಗುವುದು ಸಹಜವೆಂದೂ, ಸದ್ದನ್ನು ಅಡಗಿಸಿದರೆ ಶಕ್ತಿಯೂ ಅಷ್ಟು ಕುಗ್ಗುವುದೆಂದೂ ಇಬ್ಬರೂ ನಂಬಿರುತ್ತಾರೆ.

ಈ ನಂಬಿಕೆ ನಿಜವೇ? ಈ ಬಾರಿ ಇದನ್ನೇ ಸ್ವಲ್ಪ ವಿಚಾರಿಸೋಣ. ಕನ್ನಡ ಪಾಠ ಹೇಳುವವನಿಗೆ ಎಂಜಿನ್ನಿನ ಗೊಡವೆಯೇಕೆಂದು ವಾಚಕರು ಕೇಳಬಹುದು. ನಮ್ಮ ಭಾಷೆಯಲ್ಲಿ ಶಬ್ದವೆಂದರೆ ಸದ್ದೂ ಹೌದು, ಪದವೂ ಹೌದು. ಹೊತ್ತು ಅರಿತು ಆಡಿದ ಶಬ್ದ ಕೆಲಸ ಮಾಡುತ್ತದೆ. ಹೊತ್ತು ತಪ್ಪಿದ್ದು ಗದ್ದಲವಾಗುತ್ತದೆ. ಮಾತಿನ ಈ ನಿಯಮವನ್ನು ಒಂದು ತಗಡಿನ ಕೊಳವೆಯಲ್ಲಿ ಸಾಧಿಸಿ ತೋರಿಸಿದವನೊಬ್ಬನ ಕಥೆ ಇದು. ಇಷ್ಟು ಸಂಬಂಧ ಸಾಕೆಂದು ಭಾವಿಸಿ ಮುಂದುವರಿಯುತ್ತೇನೆ.

ತೆರೆದ ಬಾಗಿಲಿನ ಮನೆ

ಟೂ ಸ್ಟ್ರೋಕ್ ಎಂಜಿನ್ ಎಂಬುದನ್ನು ವಾಚಕರೆಲ್ಲರೂ ಕೇಳಿಯೇ ಇರುತ್ತೀರಿ. ಸಾಮಾನ್ಯವಾದ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಒಂದು ಸಲ ಶಕ್ತಿ ಹುಟ್ಟಬೇಕಾದರೆ ಪಿಸ್ಟನ್ ನಾಲ್ಕು ಬಾರಿ ಸಂಚರಿಸಬೇಕು. ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆಳೆದುಕೊಳ್ಳಲು ಒಮ್ಮೆ ಕೆಳಕ್ಕೆ, ಅದನ್ನು ಒತ್ತಲು ಒಮ್ಮೆ ಮೇಲಕ್ಕೆ, ಅದು ಉರಿದು ತಳ್ಳಿದಾಗ ಕೆಳಕ್ಕೆ, ಹೊಗೆಯನ್ನು ಹೊರದೂಡಲು ಮತ್ತೆ ಮೇಲಕ್ಕೆ. ಟೂ ಸ್ಟ್ರೋಕ್ ಎಂಜಿನ್ ಈ ನಾಲ್ಕು ಕೆಲಸಗಳನ್ನೂ ಒಂದು ಏರಿಕೆ, ಒಂದು ಇಳಿತದಲ್ಲಿ ಮುಗಿಸಿಬಿಡುತ್ತದೆ. ಅದಕ್ಕೆ ಮೇಲ್ಗಡೆ ತೆರೆದು ಮುಚ್ಚುವ ವಾಲ್ವುಗಳ ರಗಳೆಯಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೆಲವು ಕಿಂಡಿಗಳಿರುತ್ತವೆ. ಪಿಸ್ಟನ್ ಕೆಳಗಿಳಿಯುತ್ತಾ ಮೊದಲು ಹೊಗೆ ಹೋಗುವ ಕಿಂಡಿಯನ್ನು ತೆರೆಯುತ್ತದೆ. ಇನ್ನಷ್ಟು ಇಳಿದಾಗ ಹೊಸ ಅನಿಲ ಬರುವ ಕಿಂಡಿಗಳನ್ನು ತೆರೆಯುತ್ತದೆ. ಏರುವಾಗ ಇವೆಲ್ಲವನ್ನೂ ಹಿಂದುಮುಂದಾಗಿ ಮುಚ್ಚುತ್ತದೆ. ಭಾಗಗಳು ಕಡಮೆ, ಬೆಲೆ ಕಡಮೆ, ತೂಕ ಕಡಮೆ; ಪ್ರತಿಯೊಂದು ಸುತ್ತಿಗೂ ಒಂದು ಬಾರಿ ಶಕ್ತಿ. ಕಾಗದದ ಮೇಲೆ ನೋಡಿದರೆ ಇದಕ್ಕಿಂತ ಸೊಗಸಾದ ಯಂತ್ರ ಮತ್ತೊಂದಿಲ್ಲ.

ತೊಂದರೆ ಇರುವುದು ಒಂದೇ ಕಡೆ. ಬಾಡಿಗೆಯ ಮನೆಯೊಂದನ್ನು ಊಹಿಸಿಕೊಳ್ಳಿ. ಹಳೆಯ ಸಂಸಾರ ಸಾಮಾನನ್ನು ಹಿಂಬಾಗಿಲಿನಿಂದ ಸಾಗಿಸುತ್ತಿರುವಾಗಲೇ ಹೊಸ ಸಂಸಾರ ಮುಂಬಾಗಿಲಿನಿಂದ ಪೆಟ್ಟಿಗೆಗಳನ್ನು ಒಳಗಿಡತೊಡಗಿದರೆ ಏನಾದೀತು? ಹಳೆಯವರ ಒಂದೆರಡು ಮುರುಕು ಕುರ್ಚಿಗಳು ಒಳಗೇ ಉಳಿಯುವುವು. ಹೊಸಬರ ಒಳ್ಳೆಯ ಟ್ರಂಕೊಂದು ಹಳೆಯವರ ಗಾಡಿಯೇರಿ ಹೊರಟುಹೋಗುವುದು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿಯೊಂದು ಸುತ್ತಿನಲ್ಲಿಯೂ ನಡೆಯುವುದು ಇದೇ. ಹೊಸ ಅನಿಲ ಬರುವಾಗ ಹೊಗೆಯ ಕಿಂಡಿ ಇನ್ನೂ ತೆರೆದೇ ಇರುತ್ತದೆ. ಮೇಲಾಗಿ, ಪಿಸ್ಟನ್ ಏರುವಾಗ ಹೊಸ ಅನಿಲದ ಕಿಂಡಿಗಳು ಮೊದಲು ಮುಚ್ಚಿಕೊಂಡು, ಹೊಗೆಯ ಕಿಂಡಿ ಕಟ್ಟಕಡೆಗೆ ಮುಚ್ಚುತ್ತದೆ. ಆ ಅವಕಾಶದಲ್ಲಿ ದುಡ್ಡು ಕೊಟ್ಟು ತಂದ ಪೆಟ್ರೋಲು ಉರಿಯದೆಯೇ ಹೊಗೆಕೊಳವೆಗೆ ಸೋರಿಹೋಗುತ್ತದೆ.

ಈ ಸೋರಿಕೆಯನ್ನು ತಡೆಯುವುದು ಹೇಗೆಂದು ತಲೆ ಕೆಡಿಸಿಕೊಂಡ ಎಂಜಿನಿಯರುಗಳು ಹಲವರು. 1920ರ ದಶಕದಲ್ಲಿ ಜರ್ಮನಿಯ ಆಡಾಲ್ಫ್ ಷ್ನೂರ್ಲೆ ಎಂಬಾತನು ಕಿಂಡಿಗಳನ್ನು ಓರೆಯಾಗಿ ಕೊರೆದು, ಹೊಸ ಅನಿಲ ನೇರವಾಗಿ ಹೊರದಾರಿಯತ್ತ ನುಗ್ಗದೆ, ಎದುರು ಗೋಡೆಗೆ ತಾಗಿ ಮೇಲೇರಿ ಸುತ್ತಿಬರುವಂತೆ ಮಾಡಿದನು. ಇದರಿಂದ ಬಹಳ ಸುಧಾರಣೆಯಾಯಿತು. ಆದರೂ ಬಾಗಿಲು ಬಾಗಿಲೇ. ತೆರೆದಿರುವವರೆಗೆ ಸೋರಿಕೆ ತಪ್ಪದು.

ಆರ್ಭಟದ ಕಾಲ

ಷ್ನೂರ್ಲೆಯ ಉಪಾಯದಿಂದ ಲಾಭ ಪಡೆದ ಸಂಸ್ಥೆ ಡಿ.ಕೆ.ಡಬ್ಲ್ಯು. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಚೋಪೌ ಎಂಬ ಪುಟ್ಟ ಊರಿನಲ್ಲಿ ಡೆನ್ಮಾರ್ಕಿನ ರಾಸ್ಮುಸೆನ್ ಎಂಬ ಉದ್ಯಮಿ ಕಟ್ಟಿದ ಈ ಕಾರ್ಖಾನೆ 1920ರ ದಶಕದ ಕೊನೆಯ ಹೊತ್ತಿಗೆ ಪ್ರಪಂಚದಲ್ಲಿಯೇ ಅತಿ ಹೆಚ್ಚು ಮೋಟಾರ್ ಸೈಕಲ್ಲುಗಳನ್ನು ತಯಾರಿಸುತ್ತಿತ್ತು. ಅವರ ಪಂದ್ಯದ ವಾಹನಗಳು ಸೋರಿಕೆಯ ಸಮಸ್ಯೆಯನ್ನು ಬಲಾತ್ಕಾರದಿಂದ ಎದುರಿಸಿದವು. ಎಂಜಿನ್ನಿಗೆ ಹೆಚ್ಚಿನದೊಂದು ಪಿಸ್ಟನ್ನನ್ನು ಪಂಪಿನಂತೆ ಜೋಡಿಸಿ, ಹೊಸ ಅನಿಲವನ್ನು ಬಲವಂತವಾಗಿ ಒಳಗೆ ತುರುಕುವುದು. ಅರ್ಧ ಹೊರಗೆ ಹೋದರೂ ಹೋಗಲಿ, ಉಳಿದದ್ದು ಸಾಕಷ್ಟಿರುತ್ತದೆ ಎಂಬುದು ಅವರ ತರ್ಕ. 1938ರಲ್ಲಿ ಎವಾಲ್ಡ್ ಕ್ಲೂಗೆ ಇಂಥದೊಂದು ವಾಹನವನ್ನೇರಿ ಐಲ್ ಆಫ್ ಮ್ಯಾನ್ ದ್ವೀಪದ 250 ಸಿ.ಸಿ. ಪಂದ್ಯವನ್ನು ಗೆದ್ದನು. ಆ ಎಂಜಿನ್ನಿನ ಬೊಬ್ಬೆ ದ್ವೀಪಕ್ಕೆಲ್ಲ ಕೇಳಿಸುತ್ತಿತ್ತೆಂದು ಮೋಟಾರ್ ಸೈಕಲ್ ಪ್ರಿಯರು ಇಂದಿಗೂ ಹೇಳುವುದುಂಟು. ಅದು ಪೆಟ್ರೋಲು ಕುಡಿಯುವುದರಲ್ಲಿಯೂ ಅಷ್ಟೇ ಪ್ರಸಿದ್ಧವಾಗಿತ್ತು.

ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಪಂದ್ಯಗಳ ಆಡಳಿತ ಸಂಸ್ಥೆಯು ಹೀಗೆ ಪಂಪಿನಿಂದ ತುರುಕುವ ಪದ್ಧತಿಯನ್ನೇ ನಿಷೇಧಿಸಿತು. ಟೂ ಸ್ಟ್ರೋಕ್ ಎಂಜಿನ್ನಿನ ಕತೆ ಮುಗಿಯಿತೆಂದು ಬಹುಮಂದಿ ತಿಳಿದರು. ಚೋಪೌ ಊರು ಸೋವಿಯತ್ ಸೇನೆಯ ವಶಕ್ಕೆ ಬಂದಿತ್ತು; ಯುದ್ಧಪರಿಹಾರವೆಂದು ಕಾರ್ಖಾನೆಯ ಯಂತ್ರಗಳನ್ನೆಲ್ಲ ಕಿತ್ತು ರಷ್ಯಾಕ್ಕೆ ಸಾಗಿಸಲಾಗಿತ್ತು. ಮುಂದೆ ಪೂರ್ವ ಜರ್ಮನಿಯಲ್ಲಿ ಸೇರಿಹೋದ ಆ ಊರಿನಲ್ಲಿ ಬರಿಗೈಯಿಂದ ಮತ್ತೆ ಎದ್ದುನಿಂತ ಕಾರ್ಖಾನೆಯೇ ಎಂ.ಜೆಡ್. ಎಂದು ಹೆಸರಾಯಿತು. 1953ರಲ್ಲಿ ಅದರ ಪಂದ್ಯ ವಿಭಾಗಕ್ಕೆ ಬಂದವನು ವಾಲ್ಟರ್ ಕಾಡೆನ್.

ಜಾತ್ರೆಯ ಓಣಿಯಲ್ಲಿ ಒಂದು ಪಾಠ

ಕಾಡೆನ್ 1919ರಲ್ಲಿ ಹುಟ್ಟಿದವನು. ಯುದ್ಧಕಾಲದಲ್ಲಿ ಹೆನ್ಷೆಲ್ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡಿದವನು. ಪಂಪಿಲ್ಲದೆ ಸೋರಿಕೆಯನ್ನು ತಡೆಯುವುದು ಹೇಗೆಂಬ ಪ್ರಶ್ನೆಗೆ ಉತ್ತರವನ್ನು ಆತ ಎಂಜಿನ್ನಿನ ಒಳಗೆ ಹುಡುಕಲಿಲ್ಲ. ಎಲ್ಲರೂ ಕಸ ಹೊರಹಾಕುವ ದಾರಿಯೆಂದು ಭಾವಿಸಿದ್ದ ಹೊಗೆಕೊಳವೆಯಲ್ಲಿ ಹುಡುಕಿದನು. ಅಗಲವಾಗುವ ಹೊಗೆಕೊಳವೆಗಳನ್ನು ಆತನಿಗಿಂತ ಮುಂಚೆ ಪ್ರಯೋಗಿಸಿ ನೋಡಿದವರೂ ಇದ್ದರು. ಆದರೆ ಅದರೊಳಗೆ ನಡೆಯುವುದನ್ನು ಆಸಿಲೋಸ್ಕೋಪ್ ಎಂಬ ಉಪಕರಣದ ಮೂಲಕ ವರ್ಷಗಟ್ಟಲೆ ಗಮನಿಸಿ, ಅಳತೆಯ ಮೇಲೆ ಅಳತೆ ತಿದ್ದಿ, ಅದನ್ನೊಂದು ಶಾಸ್ತ್ರವನ್ನಾಗಿ ಮಾಡಿದ ಕೀರ್ತಿ ಆತನದು.

ಆ ಶಾಸ್ತ್ರವನ್ನು ಅರಿಯಲು ನಾವು ಜಾತ್ರೆಗೆ ಹೋಗಬೇಕು. ದೇವಸ್ಥಾನದ ಬಾಗಿಲಿನಿಂದ ಹೊರಟ ಜನ ಕಿರಿದಾದ ಓಣಿಯೊಂದರಲ್ಲಿ ಒತ್ತೊತ್ತಾಗಿ ಸಾಗುತ್ತಿದ್ದಾರೆ. ಓಣಿ ಮುಂದೆ ವಿಶಾಲವಾದ ರಥಬೀದಿಗೆ ತೆರೆದುಕೊಳ್ಳುತ್ತದೆ. ಮುಂದಿದ್ದವರು ಬೀದಿಗೆ ಬಂದೊಡನೆ ಅಕ್ಕಪಕ್ಕಕ್ಕೆ ಹರಡಿಕೊಳ್ಳುವರು. ಅವರ ಹಿಂದಿದ್ದವರಿಗೆ ಸಡಿಲವಾಗುತ್ತದೆ. ಅವರು ಸರಸರನೆ ಮುಂದೆ ಸರಿಯುವರು. ಆಗ ಅವರ ಹಿಂದಿನವರಿಗೆ ಸಡಿಲ. ಜನ ಮುಂದಕ್ಕೆ ಹೋಗುತ್ತಿದ್ದರೂ ಈ ಸಡಿಲ ಮಾತ್ರ ಹಿಂದಕ್ಕೆ, ದೇವಸ್ಥಾನದ ಬಾಗಿಲಿನತ್ತ, ಪಯಣ ಮಾಡುತ್ತದೆ. ಅದು ಬಾಗಿಲನ್ನು ಮುಟ್ಟಿದಾಗ ಒಳಗೆ ನಿಂತಿದ್ದವರೂ ತಾವಾಗಿ ಹೊರಗೆ ಹರಿದುಬರುವರು. ಇನ್ನು ರಥಬೀದಿಯ ಆಚೆಯ ತುದಿಯಲ್ಲಿ ಇಕ್ಕಟ್ಟಾದ ಹೆಬ್ಬಾಗಿಲೊಂದಿದೆ ಎನ್ನಿ. ಅಲ್ಲಿ ಜನ ತಡೆದು ನಿಲ್ಲುವರು, ನೂಕುನುಗ್ಗಲು ಹುಟ್ಟುವುದು, ಆ ನೂಕು ಕೂಡ ಹಿಂದುಹಿಂದಕ್ಕೆ ಹಬ್ಬಿ, ಕೊನೆಗೆ ದೇವಸ್ಥಾನದ ಹೊಸ್ತಿಲಲ್ಲಿ ನಿಂತವರನ್ನು ಮತ್ತೆ ಒಳಕ್ಕೇ ತಳ್ಳುವುದು.

ಕಾಡೆನ್ ರೂಪಿಸಿದ ಹೊಗೆಕೊಳವೆ ಹೀಗೆಯೇ ಇದೆ. ಎಂಜಿನ್ನಿನಿಂದ ಹೊರಟ ಕಿರಿಯ ಕೊಳವೆಯೇ ಓಣಿ. ಅನಂತರ ಅದು ಕಹಳೆಯಂತೆ ಅಗಲವಾಗುತ್ತಾ ಹೋಗಿ ಹೊಟ್ಟೆಯಂಥ ಭಾಗವಾಗುತ್ತದೆ, ಅದೇ ರಥಬೀದಿ. ಮತ್ತೆ ಲಾಳಿಕೆಯಂತೆ ಕಿರಿದಾಗುತ್ತಾ ಬಂದು, ಬೆರಳಿನಂಥ ಸಣ್ಣ ನಳಿಕೆಯಲ್ಲಿ ಮುಗಿಯುತ್ತದೆ, ಅದೇ ಹೆಬ್ಬಾಗಿಲು. (ನಮ್ಮ ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಶಬ್ದದ ಹುಟ್ಟನ್ನು ಹೇಳುವಾಗ ಕಹಳೆಯನ್ನೇ ಹೋಲಿಕೆಯಾಗಿ ತಂದಿರುವುದು ನೆನಪಾಗುತ್ತದೆ.) ಹೊಗೆಯ ಕಿಂಡಿ ತೆರೆದೊಡನೆ ಹೊಮ್ಮುವ ಒತ್ತಡದ ಅಲೆ, ಎಂದರೆ ನಾವು ಸದ್ದೆಂದು ಕರೆಯುವುದು, ಕೊಳವೆಯಲ್ಲಿ ಓಡುತ್ತದೆ. ಕಹಳೆಯ ಭಾಗವನ್ನು ಹೊಕ್ಕಾಗ ಅದರಿಂದೊಂದು ಸಡಿಲದ ಅಲೆ ಹಿಂದಿರುಗಿ ಬಂದು, ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಹೀರಿ ತೆಗೆದು, ಹೊಸ ಅನಿಲವನ್ನು ಒಳಗೆಳೆಯುತ್ತದೆ. ಹೀರಿದ ರಭಸಕ್ಕೆ ಹೊಸ ಅನಿಲದ ಒಂದು ಪಾಲು ಹೊರಗೆ, ಕೊಳವೆಯ ಬಾಯಿಗೆ, ಬಂದುಬಿಡುತ್ತದೆ. ಅಷ್ಟರಲ್ಲಿ ಲಾಳಿಕೆಯ ಭಾಗಕ್ಕೆ ಬಡಿದ ಅಲೆ ನೂಕಾಗಿ ಮರಳಿ, ಕಿಂಡಿ ಮುಚ್ಚುವುದಕ್ಕೆ ಕ್ಷಣಮಾತ್ರ ಮುಂಚೆ, ಆ ಹೊರಬಿದ್ದ ಪಾಲನ್ನು ಮತ್ತೆ ಸಿಲಿಂಡರಿನೊಳಕ್ಕೆ ತುರುಕುತ್ತದೆ. ಹಳೆಯ ಸಂಸಾರದ ಗಾಡಿ ಏರಿದ್ದ ಟ್ರಂಕು ಬೀದಿಯ ತಿರುವಿನಿಂದ ಮನೆಗೆ ಹಿಂದಿರುಗಿತು! ಪಂಪು ಮಾಡುತ್ತಿದ್ದ ಕೆಲಸವನ್ನು, ಒಂದೂ ಚಲಿಸುವ ಭಾಗವಿಲ್ಲದ ತಗಡಿನ ಕೊಳವೆ ಮಾಡಿತು. ಅದಕ್ಕೆ ಕೂಲಿ ಸಹ ಇಲ್ಲ; ಬಿಟ್ಟಿದ್ದರೆ ವ್ಯರ್ಥವಾಗುತ್ತಿದ್ದ ಸದ್ದೇ ಅಲ್ಲಿ ಆಳು.

ಇದಕ್ಕೆ ಬೇಕಾದ ಕರಾರುವಾಕ್ಕನ್ನು ನೋಡಿ. 1961ರ ಎಂ.ಜೆಡ್. ಪಂದ್ಯದ ಎಂಜಿನ್ ನಿಮಿಷಕ್ಕೆ 10,800 ಬಾರಿ ತಿರುಗುತ್ತಿತ್ತು. ಎಂದರೆ ಸೆಕೆಂಡಿಗೆ 180 ಬಾರಿ. ಹೊಗೆಯ ಕಿಂಡಿ ಪ್ರತಿ ಸುತ್ತಿನ ಅರ್ಧಕ್ಕಿಂತ ತುಸು ಹೆಚ್ಚು ಕಾಲ ತೆರೆದಿರುತ್ತದೆ. ಲೆಕ್ಕ ಹಾಕಿದರೆ ಅದು ಸೆಕೆಂಡಿನ ಸಾವಿರದಲ್ಲಿ ಮೂರು ಭಾಗ ಮಾತ್ರ. ಕಾದ ಹೊಗೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಚಲಿಸುವುದಾದರೆ, ಅಷ್ಟು ಕಾಲದಲ್ಲಿ ಅದು ಕ್ರಮಿಸುವ ದಾರಿ ಒಂದೂವರೆ ಮೀಟರ್. ಹೋಗುವುದಕ್ಕೆ ಅರ್ಧ, ಬರುವುದಕ್ಕೆ ಅರ್ಧ. ಆದುದರಿಂದ ಅಲೆಯನ್ನು ಹಿಂದಿರುಗಿಸುವ ಲಾಳಿಕೆ ಕಿಂಡಿಯಿಂದ ಎರಡೂವರೆ ಅಡಿಯ ಆಸುಪಾಸಿನಲ್ಲಿ ಇರಬೇಕು. ಒಂದೆರಡು ಅಂಗುಲ ಹೆಚ್ಚುಕಡಮೆಯಾದರೂ ಹೊತ್ತು ತಪ್ಪುತ್ತದೆ.

ಹೊತ್ತಿನ ಮಹಿಮೆ ಮಕ್ಕಳಿಗೂ ಗೊತ್ತು. ಜೋಕಾಲಿ ತನ್ನತ್ತ ಬಂದು ಹಿಂದಿರುಗುವ ಕ್ಷಣದಲ್ಲಿ ಬೆರಳಿನಿಂದ ತಳ್ಳಿದರೂ ಸಾಕು, ಅದು ಮುಗಿಲಿಗೇರುತ್ತದೆ. ಬರುತ್ತಿರುವಾಗ ಅಡ್ಡಬಂದು ತಳ್ಳಿದರೆ ಜೋಕಾಲಿ ನಿಲ್ಲುತ್ತದೆ, ಕೈಯೂ ನೋಯುತ್ತದೆ. ಕಾಡೆನ್ನನ ಕೊಳವೆಯೂ ತಾನು ಎಣಿಸಿದ ವೇಗದಲ್ಲಿ ಮಾತ್ರ ಎಂಜಿನ್ನಿಗೆ ನೆರವಾಗುತ್ತದೆ. ಅದಕ್ಕಿಂತ ನಿಧಾನವಾದರೆ ಅಲೆ ಬೇಗ ಬಂದು ಅಡ್ಡಿಯೇ ಆಗುತ್ತದೆ. ಅದಕ್ಕಾಗಿಯೇ ಪಂದ್ಯದ ಸವಾರರು ಎಂಜಿನ್ನನ್ನು ಸದಾ ಆ ಕಿರಿದಾದ ವೇಗದ ಪಟ್ಟಿಯಲ್ಲಿ ಇರಿಸಿಕೊಳ್ಳಲು ಗೇರು ಬದಲಾಯಿಸುತ್ತಲೇ ಇರಬೇಕಾಗುತ್ತಿತ್ತು. 1967ರಲ್ಲಿ ಸುಜುಕಿ ಸಂಸ್ಥೆಯ 50 ಸಿ.ಸಿ. ಪಂದ್ಯದ ವಾಹನವೊಂದಕ್ಕೆ 14 ಗೇರುಗಳಿದ್ದುವೆಂದರೆ ವಾಚಕರು ನಂಬಲಾರರು, ಆದರೂ ನಿಜ.

ಫಲವೇನಾಯಿತು? ಇದೇ ಚೋಪೌ ಊರಿನಲ್ಲಿ ಯುದ್ಧಕ್ಕೆ ಮುನ್ನ ತಯಾರಾದ 125 ಸಿ.ಸಿ. ರಸ್ತೆ ವಾಹನದ ಶಕ್ತಿ ಸುಮಾರು 5 ಅಶ್ವಶಕ್ತಿ. 1961ರಲ್ಲಿ ಕಾಡೆನ್ ಅಷ್ಟೇ ಗಾತ್ರದ ಪಂದ್ಯದ ಎಂಜಿನ್ನಿನಿಂದ 25 ಅಶ್ವಶಕ್ತಿಯನ್ನು ಪಡೆದನು. ಲೀಟರಿಗೆ 200 ಅಶ್ವಶಕ್ತಿ! ಪಂಪಿನ ಸಹಾಯವಿಲ್ಲದೆ ಯಾವ ಎಂಜಿನ್ನೂ ಅದುವರೆಗೆ ಈ ಮಟ್ಟವನ್ನು ಮುಟ್ಟಿರಲಿಲ್ಲ. ಕೊಳವೆಯೊಂದರಿಂದಲೇ ಇಷ್ಟೆಲ್ಲ ಆಯಿತೆಂದಲ್ಲ. ಡೇನಿಯಲ್ ಜಿಮ್ಮರ್‌ಮನ್ ಎಂಬವನು ತೋರಿಸಿಕೊಟ್ಟ ತಿರುಗುವ ಬಿಲ್ಲೆಯ ವಾಲ್ವು, ಕಿಂಡಿಗಳ ರಚನೆ, ಇವೆಲ್ಲ ಸೇರಿದ್ದುವು. ಆದರೆ ಕೊಳವೆಯಿಲ್ಲದಿದ್ದರೆ ಉಳಿದವಕ್ಕೆ ಅರ್ಥವಿರುತ್ತಿರಲಿಲ್ಲ.

ಗಡಿ ದಾಟಿದ ರಹಸ್ಯ

ಆ ವರ್ಷವೇ ಕಾಡೆನ್ನನ ಬದುಕಿನ ದೊಡ್ಡ ಆಘಾತವೂ ಒದಗಿತು. ಎಂ.ಜೆಡ್. ತಂಡದ ಮುಖ್ಯ ಸವಾರ ಎರ್ನ್‌ಸ್ಟ್ ಡೆಗ್ನರ್ 1961ರ 125 ಸಿ.ಸಿ. ವಿಶ್ವ ಚಾಂಪಿಯನ್ ಪಟ್ಟಕ್ಕೆ ಅತಿ ಸಮೀಪದಲ್ಲಿದ್ದನು. ಅದೇ ಆಗಸ್ಟ್ 13ರಂದು ಬರ್ಲಿನ್ ನಗರವನ್ನು ಸೀಳುವ ಗೋಡೆ ಎದ್ದಿತು. ಸೆಪ್ಟೆಂಬರ್ 17ರಂದು ಸ್ವೀಡನ್ನಿನ ಕ್ರಿಸ್ಟಿಯಾನ್‌ಸ್ಟಾಡಿನಲ್ಲಿ ಪಂದ್ಯ. ಅಲ್ಲಿ ಗೆದ್ದರೆ ಪಟ್ಟ ಕೈಗೆ ಬಂದಂತೆಯೇ. ಪಂದ್ಯದಲ್ಲಿ ಡೆಗ್ನರನ ಎಂಜಿನ್ ಕೆಟ್ಟಿತು. ಆತ ತಂಡದೊಡನೆ ಊರಿಗೆ ಹಿಂದಿರುಗಲಿಲ್ಲ. ಡೆನ್ಮಾರ್ಕಿನ ದಾರಿಯಾಗಿ ಪಶ್ಚಿಮ ಜರ್ಮನಿಯನ್ನು ಸೇರಿದನು. ಆತನ ಹೆಂಡತಿಯೂ ಇಬ್ಬರು ಎಳೆಯ ಮಕ್ಕಳೂ ಕಾರಿನ ಡಿಕ್ಕಿಯಲ್ಲಿ ಅಡಗಿ ಗಡಿ ದಾಟಿ ಬಂದಿದ್ದರು. ಆ ವರ್ಷದ ಪಟ್ಟ ಹೋಂಡಾ ಸವಾರ ಟಾಮ್ ಫಿಲಿಸನ ಪಾಲಾಯಿತು.

ಡೆಗ್ನರ್ ಅಲ್ಲಿಂದ ಜಪಾನಿಗೆ, ಸುಜುಕಿ ಸಂಸ್ಥೆಗೆ ಹೋದನು. ಕಾಡೆನ್ನನ ಎಂಜಿನ್ನಿನ ಒಳಗುಟ್ಟೆಲ್ಲ ಆತನೊಡನೆ ಹೋಯಿತು. ಮರುವರ್ಷ, 1962ರಲ್ಲಿ, ಡೆಗ್ನರನೇ ಸುಜುಕಿಯನ್ನೇರಿ 50 ಸಿ.ಸಿ. ವಿಶ್ವ ಚಾಂಪಿಯನ್ ಆದನು. ಸುಜುಕಿಗೆ ಅದೇ ಮೊದಲನೆಯ ವಿಶ್ವ ಪಟ್ಟ. ಆಮೇಲೆ ಆ ಕೊಳವೆ ಜಗತ್ತನ್ನೇ ಆಳಿತು. 1975ರಿಂದ 2001ರವರೆಗೆ 500 ಸಿ.ಸಿ. ವರ್ಗದ ಒಂದೊಂದು ವಿಶ್ವ ಪಟ್ಟವನ್ನೂ ಗೆದ್ದದ್ದು ಟೂ ಸ್ಟ್ರೋಕ್ ವಾಹನವೇ. ಅದು ಹುಟ್ಟಿದ ಚೋಪೌ ಕಾರ್ಖಾನೆಗೆ ಮಾತ್ರ ರಸ್ತೆ ಪಂದ್ಯದ ವಿಶ್ವ ಪಟ್ಟ ಒಂದು ಬಾರಿಯೂ ದೊರೆಯಲಿಲ್ಲ.

ಡೆಗ್ನರ್ ಮಾಡಿದ್ದು ಸರಿಯೋ ತಪ್ಪೋ ಎಂದು ತೀರ್ಪು ಹೇಳುವುದು ಸುಲಭವಲ್ಲ. ಮಡದಿ ಮಕ್ಕಳಿಗೆ ಸ್ವತಂತ್ರ ಬಾಳನ್ನು ಬಯಸಿದವನನ್ನು ಹಳಿಯಲು ಮನಸ್ಸು ಬಾರದು. ವರ್ಷಗಟ್ಟಲೆ ಪಟ್ಟ ಶ್ರಮ ಒಂದು ರಾತ್ರಿಯಲ್ಲಿ ಕೈಬಿಟ್ಟುಹೋದವನ ಸಂಕಟವನ್ನು ನೆನೆದರೆ ಹೊಗಳಲೂ ಬಾರದು. ಜಪಾನಿನ ಸುಜುಕಾ ಪಂದ್ಯದ ಹಾದಿಯ ಒಂದು ತಿರುವು ಇಂದಿಗೂ ಡೆಗ್ನರನ ಹೆಸರನ್ನು ಹೊತ್ತಿದೆ. ಕಾಡೆನ್ನನ ಹೆಸರು, ಆತನ ಕೊಳವೆಯಿಂದ ಪಟ್ಟ ಪಡೆದ ದೇಶಗಳಲ್ಲಿಯೂ, ಬಲ್ಲವರಿಗಷ್ಟೇ ಗೊತ್ತು.

ಆರೇಳು ವ್ಯಾಟಿನ ಅಬ್ಬರ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಕಾಡೆನ್ನನ ವಾಹನಗಳು ಮೌನಿಗಳಾಗಿದ್ದುವೇ? ಇಲ್ಲ. ಸೈಲೆನ್ಸರ್ ಇಲ್ಲದ ಅವು ಕಿವಿ ಸೀಳುವಂತೆ ಕಿರುಚುತ್ತಿದ್ದವು. ಆದರೆ ಆ ಕಿರುಚಾಟ ಶಕ್ತಿಯ ಮೂಲವಾಗಿರಲಿಲ್ಲ. 1970ರ ದಶಕದಲ್ಲಿ ಪಂದ್ಯಗಳಿಗೂ ಸದ್ದಿನ ಮಿತಿ ಬಂದಿತು. ಕೊಳವೆಯ ಕೊನೆಯ ಸಣ್ಣ ನಳಿಕೆಗೆ, ತೂತುಗಳುಳ್ಳ ಒಳಕೊಳವೆಯ ಸುತ್ತ ಗಾಜಿನ ನಾರನ್ನು ಸುತ್ತಿದ ಚಿಕ್ಕ ಸೈಲೆನ್ಸರನ್ನು ಜೋಡಿಸಲಾಯಿತು. ಸದ್ದು ಇಳಿಯಿತು, ಶಕ್ತಿ ಇಳಿಯಲಿಲ್ಲ. ಆ ದಶಕದ ನಡುವಿನಲ್ಲಿ ನೂರರ ಆಸುಪಾಸಿನಲ್ಲಿದ್ದ 500 ಸಿ.ಸಿ. ಎಂಜಿನ್ನುಗಳ ಅಶ್ವಶಕ್ತಿ, ಸೈಲೆನ್ಸರ್ ಹೊತ್ತುಕೊಂಡೇ, ಶತಮಾನದ ಕೊನೆಗೆ ಇನ್ನೂರರ ಸಮೀಪಕ್ಕೆ ಬಂದಿತು. ಅಲೆ ದುಡಿಯುವುದು ಹೊಟ್ಟೆಯ ಭಾಗದಲ್ಲಿ. ಬಾಯಿ ಮುಚ್ಚಿದರೆ ಅದಕ್ಕೇನು ನಷ್ಟ?

ಹೊರಗೆ ಕೇಳುವ ಸದ್ದಿನಲ್ಲಿ ಎಷ್ಟು ಶಕ್ತಿಯಿದೆಯೆಂದು ಲೆಕ್ಕ ಹಾಕಿದರಂತೂ ನಗು ಬರುತ್ತದೆ. ಒಂದು ಮೀಟರ್ ದೂರದಲ್ಲಿ 120 ಡೆಸಿಬೆಲ್ ಇರುವ ಸದ್ದು ಕಿವಿಗೆ ನೋವು ತರುವಂಥದು. ಅಂಥ ಸದ್ದು ನೆಲದ ಮೇಲೆ ಅರ್ಧಗೋಳದಂತೆ ಹರಡಿದರೂ, ಒಟ್ಟಿನಲ್ಲಿ ಹೊತ್ತೊಯ್ಯುವ ಶಕ್ತಿ ಆರೇಳು ವ್ಯಾಟ್ ಮಾತ್ರ. ಮನೆಯ ಸಣ್ಣ ಎಲ್.ಇ.ಡಿ. ಬಲ್ಬಿಗೆ ಬೇಕಾಗುವಷ್ಟು. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್. ಎಂದ ಮೇಲೆ ಬೀದಿಗೆ ಬೀದಿಯನ್ನೇ ಎಬ್ಬಿಸುವ ಅಬ್ಬರ ಒಂದು ಅಶ್ವಶಕ್ತಿಯ ನೂರನೆಯ ಒಂದು ಪಾಲೂ ಅಲ್ಲ. ನಮ್ಮ ಕಿವಿ ಅಷ್ಟು ಸೂಕ್ಷ್ಮ. ಆ ಸೂಕ್ಷ್ಮತೆಯನ್ನೇ ನಾವು ಎಂಜಿನ್ನಿನ ಪ್ರತಾಪವೆಂದು ತಿಳಿದು ಮೋಸಹೋಗುತ್ತೇವೆ.

ನನ್ನ ತರಗತಿಯ ವಿದ್ಯಾರ್ಥಿಯೊಬ್ಬ ಒಮ್ಮೆ, ‘ಸರ್, ಒಳಗಿನ ಜಾಲರಿ ತೆಗೆಸಿದರೆ ಹೊಗೆ ಸರಾಗವಾಗಿ ಹೋಗುತ್ತದೆ, ಬೈಕು ಹಗುರಾಗಿ ಓಡುತ್ತದೆ ಅಂತ ಮೆಕ್ಯಾನಿಕ್ ಹೇಳ್ತಾನೆ’ ಎಂದು ವಾದಿಸಿದನು. ಹೊಗೆ ಸರಾಗವಾಗಿ ಹೋದರೆ ಒಳ್ಳೆಯದೆಂಬ ಮಾತು ಕೇಳಲು ನ್ಯಾಯವಾಗಿದೆ. ಆದರೆ ಟೂ ಸ್ಟ್ರೋಕ್ ಎಂಜಿನ್ನಿಗೆ ಬೇಕಾದುದು ಸರಾಗವಾಗಿ ಹೋಗುವುದಷ್ಟೇ ಅಲ್ಲ, ಹೊತ್ತಿಗೆ ಸರಿಯಾಗಿ ಹಿಂದಿರುಗುವುದು. ಕೊನೆಯ ನಳಿಕೆಯ ಅಳತೆ ಹಿಗ್ಗಿದರೆ ಕೊಳವೆಯೊಳಗಿನ ಒತ್ತಡ ಕುಸಿದು ನೂಕಿನ ಅಲೆ ಸೊರಗುತ್ತದೆ. ಕಾರ್ಬ್ಯುರೇಟರನ್ನು ಹಳೆಯ ಕೊಳವೆಗೆ ತಕ್ಕಂತೆ ಹೊಂದಿಸಿರುತ್ತಾರಾದುದರಿಂದ ಪೆಟ್ರೋಲಿಗೂ ಗಾಳಿಗೂ ಇರಬೇಕಾದ ಪ್ರಮಾಣ ಕೆಡುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಮೆಯಾದರೆ ಎಂಜಿನ್ ಮಿತಿಮೀರಿ ಕಾದು, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು, ಮೆಕ್ಯಾನಿಕ್ಕುಗಳು ‘ಸೀಜ್’ ಎನ್ನುವ ಅನಾಹುತಕ್ಕೆ ದಾರಿಯಾಗುತ್ತದೆ. ಸದ್ದು ದ್ವಿಗುಣ, ಓಟ ಮೊದಲಿಗಿಂತ ಕಡಮೆ, ರಿಪೇರಿಯ ಖರ್ಚು ಬೇರೆ. ಇಷ್ಟನ್ನು ಕೇಳಿದ ಮೇಲೆ ಹುಡುಗ, ‘ಆದರೂ ಸದ್ದಿಲ್ಲದಿದ್ದರೆ ಯಾರೂ ತಿರುಗಿ ನೋಡೋಲ್ಲ, ಸರ್’ ಎಂದನು. ಆತ ನಿಜ ಹೇಳಿದನೆಂದು ನನಗೆ ಸಂತೋಷವಾಯಿತು. ಪ್ರಶ್ನೆ ಇದ್ದದ್ದು ಎಂಜಿನ್ನಿನಲ್ಲಲ್ಲ.

ತಿರುಗಿ ನೋಡುವವರಾರು ಎಂಬುದನ್ನೂ ಯೋಚಿಸಬೇಕು. ಡೆಸಿಬೆಲ್ ಲೆಕ್ಕ ವಿಚಿತ್ರವಾದುದು. ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಇಪ್ಪತ್ತು ಏರಿದರೆ ನೂರು ಪಟ್ಟು. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಾಸದ ಬಡಾವಣೆಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಇಟ್ಟಿವೆ. ರಾತ್ರಿ ಹನ್ನೊಂದರಲ್ಲಿ ಜಾಲರಿ ಕಿತ್ತ ಬೈಕೊಂದು ಹಾದುಹೋಗುವಾಗ ಬೆಚ್ಚಿ ಏಳುವವರು ಆ ಸವಾರನನ್ನು ಮೆಚ್ಚಬೇಕಾದ ಗೆಳೆಯರಲ್ಲ. ಆಗತಾನೆ ಕಣ್ಣು ಮುಚ್ಚಿದ ಹಸುಗೂಸು, ಶಸ್ತ್ರಚಿಕಿತ್ಸೆಯಾಗಿ ಮಲಗಿರುವ ಮುದುಕರು, ಬೆಳಗ್ಗೆ ಪರೀಕ್ಷೆಗೆ ಕೂರಬೇಕಾದ ಹುಡುಗಿ. ಶಬ್ದದ ಮಿತಿಯನ್ನು ಮೀರಿದ ವಾಹನವನ್ನು ಓಡಿಸಿದವನಿಗೆ ಮೋಟಾರು ವಾಹನ ಕಾಯಿದೆಯ 190ನೆಯ ಕಲಮು, 2019ರ ತಿದ್ದುಪಡಿಯ ಅನಂತರ, ಮೂರು ತಿಂಗಳವರೆಗೆ ಸೆರೆವಾಸವನ್ನೋ 10,000 ರೂಪಾಯಿಗಳವರೆಗೆ ದಂಡವನ್ನೋ, ಅಥವಾ ಎರಡನ್ನೂ ವಿಧಿಸುತ್ತದೆ. ಕಾನೂನಿನ ಭಯ ಒಳ್ಳೆಯದೇ. ಅದಕ್ಕಿಂತ ತಿಳಿವಳಿಕೆ ಮೇಲು.

ಕಾಡೆನ್ 1996ರಲ್ಲಿ ತೀರಿಕೊಂಡನು. ಅದೇ ವರ್ಷ ನಮ್ಮ ನಾಡಿನ ಟೂ ಸ್ಟ್ರೋಕ್ ಚರಿತ್ರೆಯಲ್ಲಿಯೂ ಒಂದು ಪುಟ ಮುಗಿಯಿತು. ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಜಾವಾ, ಆಮೇಲೆ ಎಜ್ಡಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿಯೇ. ಹುಡುಗರ ಅಚ್ಚುಮೆಚ್ಚಿನ ಯಮಹಾ ಆರ್.ಎಕ್ಸ್. 100ರ ತಯಾರಿಕೆ ನಿಂತದ್ದೂ ಅದೇ ವರ್ಷ. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆಗಳನ್ನು ಹೊತ್ತ ಜಾವಾದ ‘ಡುಗುಡುಗು’ ಸದ್ದನ್ನು ಕೇಳಿ ತಂದೆ ಆಫೀಸಿನಿಂದ ಬಂದರೆಂದು ಬಾಗಿಲು ತೆರೆಯುತ್ತಿದ್ದ ಮನೆಗಳು ಮೈಸೂರಿನಲ್ಲಿ ಎಷ್ಟೋ ಇದ್ದುವು. ಆ ಸದ್ದು ಯಾರನ್ನೂ ಹೆದರಿಸಲು ಹುಟ್ಟಿದ್ದಲ್ಲ. ದುಡಿದು ಬಂದವನ ಉಸಿರಿನಂತೆ ಅದು. ಜಾವಾದ 250 ಸಿ.ಸಿ. ಎಂಜಿನ್ ಕೊಡುತ್ತಿದ್ದುದು ಸುಮಾರು 12 ಅಶ್ವಶಕ್ತಿ; ಆರ್.ಎಕ್ಸ್. 100ರ ಪುಟ್ಟ 98 ಸಿ.ಸಿ. ಎಂಜಿನ್ 11. ಎರಡನೆಯದರ ಗುಟ್ಟಿನಲ್ಲಿ ಚೋಪೌ ಕೊಳವೆಯ ಪಾಠದ ಪಾಲೂ ಇತ್ತು.

ಕೊಳವೆ ಎಷ್ಟೇ ಜಾಣತನದಿಂದ ದುಡಿದರೂ ಒಂದಿಷ್ಟು ಪೆಟ್ರೋಲು ಸೋರುವುದು ತಪ್ಪಲಿಲ್ಲ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಉರಿದು ನೀಲಿ ಹೊಗೆಯಾಗುತ್ತಿತ್ತು. ಹೊಗೆಯ ನಿಯಮಗಳು ಬಿಗಿಯಾದಂತೆ ಟೂ ಸ್ಟ್ರೋಕ್ ವಾಹನಗಳು ರಸ್ತೆಯಿಂದ ಹಿಂದೆ ಸರಿದವು. ವಿಶ್ವದ ಪ್ರಮುಖ ರಸ್ತೆ ಪಂದ್ಯಗಳಲ್ಲಿ ಕೊನೆಯದಾಗಿ ಉಳಿದಿದ್ದ 125 ಸಿ.ಸಿ. ವರ್ಗವೂ 2011ಕ್ಕೆ ಮುಗಿಯಿತು. ಹಳೆಯ ಬೈಕುಗಳನ್ನು ಮಾತ್ರ ಪ್ರೀತಿಯಿಂದ ಸಾಕಿಕೊಂಡವರು ಊರೂರಿನಲ್ಲಿಯೂ ಇದ್ದಾರೆ. ನಿಮ್ಮ ಮನೆಯ ಹುಡುಗನೂ ಅಂಥದೊಂದನ್ನು ತಂದು, ಜಾಲರಿ ಕೀಳಿಸುತ್ತೇನೆಂದು ಹೊರಟರೆ ಗದರಿಸಿ ಪ್ರಯೋಜನವಿಲ್ಲ. ಒಂದು ಕಾಗದ, ಒಂದು ಪೆನ್ಸಿಲು ಕೊಟ್ಟು ಕೂರಿಸಿ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು, ಕಿಂಡಿ ಎಷ್ಟು ಹೊತ್ತು ತೆರೆದಿರುತ್ತದೆ, ಅಷ್ಟರಲ್ಲಿ ಅಲೆ ಎಷ್ಟು ದೂರ ಹೋಗಿ ಬರುತ್ತದೆ ಎಂದು ಅವನೇ ಲೆಕ್ಕ ಹಾಕಲಿ. ಉತ್ತರ ಎರಡೂವರೆ ಅಡಿಯೋ ಮೂರಡಿಯೋ ಬಂದ ಹೊತ್ತಿಗೆ, ಆ ತಗಡಿನ ಹೊಟ್ಟೆಯೊಳಗೆ ಎಂಥ ಕೆಲಸ ನಡೆಯುತ್ತಿದೆಯೆಂದು ಅವನಿಗೆ ಹೊಳೆಯುತ್ತದೆ. ಅದನ್ನು ತಿಳಿದವನ ಕೈ ಗರಗಸದತ್ತ ಹೋಗಲಾರದು.